ಕಂಡೆನ್ಸರಿಗೆ ಕೊಸರು ಕೇಳಿದ್ದು

ಕೊಸರು ಕೇಳದೆ ಏನನ್ನೂ ಕೊಳ್ಳಲು ನನಗೆ ಬರುವುದಿಲ್ಲ. ಸೊಪ್ಪಿನವಳು ಎರಡು ಎಸಳು ಕರಿಬೇವು ಮೇಲಿಡದಿದ್ದರೆ ಆ ದಿನ ಪೆರುಮಾಳು ನನ್ನನ್ನು ಮರೆತ ಹಾಗೆಯೇ. ಕೊಡುವಾಗಲೂ ಅಷ್ಟೇ, ನನ್ನ ಕೈ ಅಳತೆ ಮೀರುತ್ತದೆ.

ಮೊನ್ನೆ ಶುಕ್ರವಾರ ಮಧ್ಯಾಹ್ನ, ಮರುದಿನದ ಭಜನೆಯವರ ಇಡ್ಲಿಗೆಂದು ನೆನೆಸಿದ್ದ ಉದ್ದನ್ನು ಗ್ರೈಂಡರಿಗೆ ಹಾಕಿದೆ. ಅದು ಗುಂಯ್ ಎಂದಿತು, ತಿರುಗಲಿಲ್ಲ. ಕುಂಕುಮವಿಟ್ಟು ಕೈಮುಗಿದೆ. ಮತ್ತೆ ಗುಂಯ್. ನಲವತ್ತು ಜನರಿಗೆ ಮಾತು ಕೊಟ್ಟಾಗಿದೆ, ಸಂಜೆಯೊಳಗೆ ರುಬ್ಬದಿದ್ದರೆ ಹಿಟ್ಟು ಹುದುಗುವುದು ಯಾವಾಗ? ಉದ್ದನ್ನು ಪಾತ್ರೆಗೆ ಬಗ್ಗಿಸಿ, ಗ್ರೈಂಡರನ್ನು ಆಟೋದಲ್ಲಿ ಕೂರಿಸಿ, ಅದರ ಕಲ್ಲನ್ನು ಅತ್ತೆಯ ಮಡಿಲಿಗಿಟ್ಟು ತುಡಿಯಲೂರಿನ ರಿಪೇರಿ ಅಂಗಡಿಗೆ ಹೊರಟೆ.

ಅಂಗಡಿಯವನು ಬಿಚ್ಚಿ ನೋಡಿ, "ಕಂಡೆನ್ಸರ್ ಹೋಗಿದೆ ಅಕ್ಕಾ" ಎಂದು ಹೆಬ್ಬೆರಳುದ್ದದ ಡಬ್ಬಿ ತೋರಿಸಿದ. ಮೇಲೆ ಎಂಟು ಮೈಕ್ರೋಫ್ಯಾರಡ್, ನಾನೂರ ನಲವತ್ತು ವೋಲ್ಟ್ ಅಂತ ಬರೆದಿತ್ತು.

"ದೇವರ ಕೆಲಸ ತಂಬಿ, ಎಂಟರ ಬದಲು ಹತ್ತು ಹಾಕಿಬಿಡು."

"ವೇಣಾಂಗಕ್ಕಾ, ಬೇಡವೇ ಬೇಡ! ಎಂಟು ಅಂದ್ರೆ ಅದು ಹಿಡಿದು ಕೊಡೋ ಅಳತೆ. ಕಮ್ಮಿ ಆದ್ರೆ ಮೋಟಾರ್ ಎದ್ದೇಳಲ್ಲ, ಜಾಸ್ತಿ ಆದ್ರೆ ಬಿಸಿಯಾಗಿ ಸುಡುತ್ತೆ. ಸಾಂಬಾರಿಗೆ ಉಪ್ಪು ಕೊಸರು ಹಾಕ್ತೀರಾ?"

"ಹಾಕ್ತಾಳೆ" ಎಂದರು ಅತ್ತೆ, ಕಲ್ಲಿನ ಮೇಲಿಂದ ಕೈ ತೆಗೆಯದೆ.

ಅವನು ಹುಡುಕಿ ತಂದದ್ದೂ ಎಂಟೇ, ಆದರೆ ನಾನೂರೈವತ್ತು ವೋಲ್ಟಿನದು. ನಾನು ಬಿಡುತ್ತೇನೆಯೇ? "ಇದು ಜಾಸ್ತಿ ಆಗಲಿಲ್ಲವೇ?"

"ಅದು ತಡೆದುಕೊಳ್ಳೋ ಶಕ್ತಿ ಅಕ್ಕಾ. ಎಷ್ಟು ಜಾಸ್ತಿ ಇದ್ರೂ ಒಳ್ಳೇದೇ. ಕಮ್ಮಿ ಇದ್ರೆ ಮಾತ್ರ ಒಂದಿನ ಡಬ್ ಅಂತ ಒಡೆಯುತ್ತೆ."

"ಹಾಗಾದರೆ ಹತ್ತು ವೋಲ್ಟ್ ಕೊಸರು ಸಿಕ್ಕಿತು" ಎಂದು ನಾನು ಸಮಾಧಾನಪಟ್ಟೆ. ಆಗ ಅವನು ಮೆಲ್ಲಗೆ, "ಒಂದೇ ಸಲಕ್ಕೆ ಎಷ್ಟು ಉದ್ದು ಹಾಕ್ತೀರಿ?" ಎಂದ. ನಾನು ಆಟೋ ಬಂತೇ ಎಂದು ರಸ್ತೆ ನೋಡಿದೆ. ಅತ್ತೆ ಅಳತೆ ಹೇಳಿದರು, ಅಳತೆಯ ಮೇಲೆ ನಾನು ಗೋಪುರದಂತೆ ತುಂಬಿಸುವ ಕೊಸರನ್ನೂ ಸೇರಿಸಿ. ಅವನು ಹಣೆ ಚಚ್ಚಿಕೊಂಡ.

ಆ ಸಂಜೆ ಉದ್ದನ್ನು ಎರಡು ಸಲಕ್ಕೆ ಹಂಚಿ ಹಾಕಿ ರುಬ್ಬಿದೆ. ಮರುದಿನ ಇಡ್ಲಿ ಹೂವಿನ ಹಾಗೆ ಎದ್ದಿತು, ಪೆರುಮಾಳ ದಯೆ. ಆದರೂ ಕೈ ಕೇಳಬೇಕಲ್ಲ, ಸಾಕು ಸಾಕು ಎಂದವರ ಎಲೆಗೂ ಒಂದೊಂದು ಹಾಕಿದೆ. "ಎಂಟು, ಎಂಟು" ಎಂದು ಅತ್ತೆ ಹಿಂದಿನಿಂದ ಗೊಣಗುತ್ತಲೇ ಇದ್ದರು.

ಮಂಗಳಾರತಿಯ ಹೊತ್ತಿಗೆ ಕಣ್ಣುಮುಚ್ಚಿ ಬೇಡಿಕೊಂಡೆ: ಸ್ವಾಮೀ, ಈ ಅತ್ತೆಯನ್ನು ತಡೆದುಕೊಳ್ಳಲು ನನಗೆ ಐವತ್ತು ವೋಲ್ಟ್ ಜಾಸ್ತಿ ಕೊಡು. ಕಣ್ಣು ಬಿಟ್ಟರೆ ಪಕ್ಕದಲ್ಲಿ ಅತ್ತೆ ಇನ್ನೂ ಕೈಮುಗಿದೇ ನಿಂತಿದ್ದರು. ಏನು ಕೇಳಿಕೊಂಡಿರಿ ಎಂದೆ.

"ನೀನು ಕೇಳಿದ್ದನ್ನೇ" ಎಂದರು. "ನಾನು ನೂರು ಕೇಳಿದೆ."