ಎಂಜಲು ಗಾಳಿಯ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಗಾಳಿಯನ್ನು ಯಾರೋ ಕದ್ದಿದ್ದಾರೆ. ನಗಬೇಡಿ, ಅವರೇ ಹಾಗೆ ಹೇಳುವುದು! ರಾಯಲ್ಪಾಡಿನಲ್ಲಿ ಹುಟ್ಟಿ, ಕೆರೆ ತುಂಬಿದ್ದನ್ನೂ ಅಪರೂಪಕ್ಕೆ ಕಂಡ ಈ ಮನುಷ್ಯ, ಹೊರದೇಶದ ಸಮುದ್ರದೊಳಗೆ ನೆಟ್ಟ, ಕರೆಂಟು ತಯಾರಿಸುವ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದರು. ಈಗ ಶ್ರೀನಿವಾಸಪುರದಲ್ಲಿದ್ದಾರೆ. ಸಮುದ್ರ ಮಾತ್ರ ಅವರನ್ನು ಬಿಟ್ಟಿಲ್ಲ.

ಮುಳಬಾಗಿಲಿನ ಒಂದು ಮದುವೆ. ಊಟದ ಸಾಲಿನ ತುದಿಗೆ ಫ್ಯಾನು. ಅದಕ್ಕೆ ಅಡ್ಡವಾಗಿ ದಪ್ಪನೆಯ ಬೀಗರೊಬ್ಬರು ಕೂತರು. ಚಿಕ್ಕಪ್ಪ ಎಲೆ ಬಿಟ್ಟು ಎದ್ದರು!

"ಸ್ವಲ್ಪ ಜರುಗಿ ಸ್ವಾಮಿ. ಹಿಂದಿನೋರಿಗೆಲ್ಲ ನಿಮ್ಮ ಎಂಜಲು ಗಾಳಿ ಬರ್ತಿದೆ."

"ಗಾಳಿಗೂ ಎಂಜಲಾ?"

"ಯಾಕಿಲ್ಲ? ಮುಂದಿನ ಯಂತ್ರ ಗಾಳಿ ಶಕ್ತಿ ಹೀರ್ಕೊಂಡ್ರೆ ಹಿಂದಿನದಕ್ಕೆ ಸಿಗೋದು ಸುಸ್ತಾದ ಗಾಳಿ. ಅದೂ ಸುಳಿ ಸುಳಿಯಾಗಿ! ರೆಕ್ಕೆ ಬೇಗ ಸವೆಯುತ್ತೆ. ಸಮುದ್ರದ ಮೇಲೆ ಮರ ಇಲ್ಲ, ಗುಡ್ಡ ಇಲ್ಲ. ಆ ಸುಸ್ತು ಎಷ್ಟೋ ಮೈಲಿ ಹೋದ್ರೂ ಆರಲ್ಲ!"

ಅಷ್ಟರಲ್ಲಿ ಎಲೆಯ ಮೇಲಿನ ಸಾರು ಆರಿತ್ತು.

ಮನೆಯಲ್ಲಿ ಅವರು ಬಾಯಿ ತೆರೆದರೆ ಸಾಕು, ಚಿಕ್ಕಮ್ಮ ಅಡುಗೆಮನೆಗೆ ನಡೆಯುತ್ತಿದ್ದರು. "ಅಯ್ಯೋ ದೇವುಡಾ, ಶುರುವಾಯ್ತು! ಆ ಸಮುದ್ರ ನನ್ನ ಸವತಿ ಕಣೋ," ಎಂದು ನನಗೆ ಹೇಳುವರು. ನಗುತ್ತಲೇ ಹೇಳುತ್ತಿದ್ದರು. ಆದರೆ ಗಂಡ ಅಲ್ಲಿದ್ದಷ್ಟು ವರ್ಷವೂ ಅವರು ಇಲ್ಲಿ ಒಂಟಿ. ಆ ನಗು ನನಗೆ ಯಾವತ್ತೂ ಪೂರ್ತಿ ನಗುವಾಗಿ ಕೇಳಿಸಲಿಲ್ಲ.

ಕಳ್ಳತನದ ಕಥೆ ಇಷ್ಟೇ. ಚಿಕ್ಕಪ್ಪನ ಯಂತ್ರಗಳಿಗೆ ಗಾಳಿ ಬರುವ ದಿಕ್ಕಿನಲ್ಲಿ ಬೇರೊಂದು ಕಂಪನಿ ಬಂದು ಯಂತ್ರಗಳ ಕಾಡನ್ನೇ ನೆಟ್ಟಿತು. ಇವರವು ನಿಧಾನವಾದವು. ಇವರು ಮೇಲಿನವರ ಹತ್ತಿರ ಕೂಗಾಡಿದರು. ಗಾಳಿಗೆ ಬೇಲಿ ಹಾಕೋದಕ್ಕಾಗುತ್ತೇನಯ್ಯ ಎಂದು ಅವರು ನಕ್ಕರಂತೆ. ಕಡೆಗೆ ಹಳೇ ಯಂತ್ರಗಳನ್ನು ನಿಲ್ಲಿಸಿದರು, ಚಿಕ್ಕಪ್ಪನನ್ನು ಮನೆಗೆ ಕಳಿಸಿದರು.

ಮೊನ್ನೆ ನಾನು ಅವರ ಮನೆಗೆ ಹೋಗಿದ್ದಾಗ ಸಮುದ್ರದ ಕೆಲಸದ ಹಳೆಯ ಗೆಳೆಯನೊಬ್ಬ ಅವರ ಮೊಬೈಲಿಗೆ ವಿಡಿಯೋ ಕಳಿಸಿದ್ದ. ಚಿಕ್ಕಪ್ಪನ ಆ ಹಳೇ ಯಂತ್ರಗಳನ್ನು ಬುಡಕ್ಕೆ ಕತ್ತರಿಸುತ್ತಿದ್ದರು. ರೆಕ್ಕೆಗಳು ಹಡಗಿನ ಮೇಲೆ ಹೆಣಗಳ ಹಾಗೆ ಮಲಗಿದ್ದವು. ಚಿಕ್ಕಪ್ಪ ನೋಡಿದರು. ಬೈಯಲಿಲ್ಲ, ಎಂಜಲು ಅನ್ನಲಿಲ್ಲ.

ಚಿಕ್ಕಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತು, ಮೊಬೈಲು ತೆಗೆದುಕೊಂಡರು.

"ಇದ್ರಲ್ಲಿ ನೀವು ಹತ್ತುತ್ತಿದ್ದಿದ್ದು ಯಾವುದ್ರೀ?"

ಚಿಕ್ಕಪ್ಪ ಬೆರಳಿಟ್ಟು ತೋರಿಸಿದರು.

"ಮೇಲಿಂದ ಏನ್ ಕಾಣ್ತಿತ್ತು?"

"ನೀರು." ಬೆರಳು ಇನ್ನೂ ಪರದೆಯ ಮೇಲೇ ಇತ್ತು. "ಬರೀ ನೀರು ಕಣೇ. ಊರು ಯಾವ ಕಡೆ ಅಂತ ಹುಡುಕ್ತಿದ್ದೆ."

ಒಳಗೆ ಹಾಲು ಉಕ್ಕಿ ಸುರಿಯುವ ಸದ್ದಾಯಿತು. ಚಿಕ್ಕಮ್ಮ ಏಳಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.