ಕೊಬ್ಬರಿ ಅಟ್ಟದಿಂದ ಹಾರಿದ ಅಂತರಿಕ್ಷ ನೌಕೆ

ಕನ್ನಡಕ್ಕೆ ಅಂತರಿಕ್ಷ ನೌಕೆಯೊಳಗೆ ನಡೆಯುವ ಒಂದು ಹಾರರ್ ಚಿತ್ರ ಬೇಕಿತ್ತು. ಗುಬ್ಬಿ ತಾಲ್ಲೂಕಿನ ಪರವಾಗಿ ಆ ಹೊಣೆಯನ್ನು ನಾನೇ ವಹಿಸಿಕೊಂಡೆ. ಕ್ಯಾಮೆರಾ, ಎಡಿಟಿಂಗ್ ಎಲ್ಲ ಮೊಬೈಲ್ ನೋಡಿಯೇ ಕಲಿತವನು. ಹಾಗಾಗಿ ಗುರುವಿಗೆ ಕೆಟ್ಟ ಹೆಸರು ತರುವ ಭಯವೂ ಇರಲಿಲ್ಲ.

ಅಪ್ಪ ಒಂದೇ ಷರತ್ತು ಹಾಕಿದರು. "ಭಾನುವಾರ ಎಲ್ರಿಗೂ ತೋರ್ಸು. ಒಬ್ರಾದ್ರೂ ಹೆದ್ರಿ ಕಿರುಚಿದ್ರೆ ನೀನ್ ಫಿಲ್ಮೇ ಮಾಡ್ಕೊ. ಇಲ್ದಿದ್ರೆ ಫೋನ್ ಮಡಗ್ಬುಟ್ಟು ತೋಟಕ್ ಬಾ."

ಅಪ್ಪ, ಅಜ್ಜಿ ಅಮೃತೂರಿನ ನೆಂಟರ ಮನೆಗೆ ಹೋದ ಎರಡು ದಿನದಲ್ಲಿ ಶೂಟಿಂಗ್ ಮುಗಿಸಿದೆ. ನೌಕೆ ಎಂದರೆ ನಮ್ಮ ಅಟ್ಟ. ತೆಂಗಿನಕಾಯಿಗಳು ಅಲ್ಲಿ ತಿಂಗಳುಗಟ್ಟಲೆ ನೀರು ಸೋಕದೆ ಒಣಗಿ ಕೊಬ್ಬರಿಯಾಗಬೇಕು. ಅವೇ ನನ್ನ ರಾಕ್ಷಸನ ಮೊಟ್ಟೆಗಳು. ಗಗನಯಾತ್ರಿ, ಇಲ್ಲೇ ಹತ್ತಿರದ ಸತ್ಯಮಂಗಲದ ವರ್ಕ್‌ಶಾಪಿನಲ್ಲಿರುವ ಗೆಳೆಯ ಸಲೀಂ. ಮೈಗೆ ರೇನ್‌ಕೋಟ್, ತಲೆಗೆ ಹೆಲ್ಮೆಟ್, ಬೆನ್ನಿಗೆ ಔಷಧಿ ಹೊಡೆಯುವ ಟ್ಯಾಂಕು. ಕರಿ ಕಂಬಳಿ ಹೊದ್ದ ರಾಕ್ಷಸ ನಾನು. ಮೊಟ್ಟೆಗಳು ಲೋಳೆಲೋಳೆಯಾಗಿ ಹೊಳೆಯಲೆಂದು ಎರಡು ಬಿಂದಿಗೆ ಗಂಜಿ ಸುರಿದೆವು. ಎಂಥಾ ಹೊಳಪು!

ಭಾನುವಾರ ಮಧ್ಯಾಹ್ನ ಕಿಟಕಿ ಮುಚ್ಚಿ, ಟಿವಿಯಲ್ಲಿ ಚಿತ್ರ ಹಾಕಿದೆ.

"ಇದು ನಮ್ ಅಟ್ಟ ಅಲ್ವೇನ್ಲಾ?" ಅಜ್ಜಿ ಕೇಳಿದಳು.

"ಅಂತರಿಕ್ಷ ನೌಕೆ, ಅಜ್ಜಿ."

"ನೌಕೇಲಿ ನಮ್ ಕಾಯಿ ಹೊರೋ ಮಂಕರಿ ಯಾಕದೆ?"

ರಾಕ್ಷಸ ಬಂದ. ಯಾರೂ ಅಲುಗಲಿಲ್ಲ. "ಕಂಬ್ಳಿ ನೆಲಕ್ಕೆಳೀಬ್ಯಾಡ ಕಣೋ, ಒಗ್ದಿದ್ದೆ," ಎಂದಳು ಅಜ್ಜಿ.

ಪಕ್ಕದ ಮನೆಯ ರಂಗಣ್ಣ ಟಿವಿಯ ಹತ್ತಿರ ಬಗ್ಗಿ ನೋಡಿದರು. "ಮೂರ್ನೇ ಮೊಟ್ಟೆ ಎಳೆಗಾಯಿ ಕಣೋ. ಅದು ಕೊಬ್ಬರಿ ಆಗಲ್ಲ ಬುಡು."

ಚಿತ್ರ ಮುಗಿಯಲು ಎರಡೇ ನಿಮಿಷ. ತೋಟ ನನ್ನನ್ನು ಕೈಬೀಸಿ ಕರೆಯುತ್ತಿತ್ತು. ಆಗ ಕ್ಲೋಸಪ್ಪಿನಲ್ಲಿ ಮೊಟ್ಟೆಯಿಂದ ಲೋಳೆ ತೊಟ್ಟಿಕ್ಕಿತು.

ಹಿಂದಿನಿಂದ ಎದೆ ನಡುಗಿಸುವ ಕಿರುಚಾಟ!

ಅಪ್ಪ ಎದ್ದು ನಿಂತಿದ್ದರು. "ಅಯ್ಯಯ್ಯೋ, ಒಣಗೋ ಕಾಯ್ಗೆ ನೀರ್ ಹುಯ್ದವ್ನೆ!"

"ನೀರಲ್ಲಪ್ಪ, ಗಂಜಿ," ಎಂದು ಸಮಾಧಾನ ಹೇಳಿದೆ.

ಎರಡನೆಯ ಕಿರುಚಾಟ ಮೊದಲಿನದಕ್ಕಿಂತ ಜೋರಾಗಿತ್ತು.

ಷರತ್ತು ಷರತ್ತೇ. ಒಬ್ಬರು, ಅದೂ ಎರಡು ಸಲ, ಹೆದರಿ ಕಿರುಚಿದ್ದರು. ಅಪ್ಪ ಮಾತಿಗೆ ತಪ್ಪುವವರಲ್ಲ. "ಫಿಲ್ಮೇ ಮಾಡ್ಕೊ. ಅದಕ್ ಮುಂಚೆ ಅಟ್ಟ ಹತ್ತಿ ಒಂದೊಂದೇ ಕಾಯಿ ಒರ್ಸು."

ಸೋಮವಾರದಿಂದ ಒರೆಸುತ್ತಿದ್ದೇನೆ. ತನ್ನ ಚಿತ್ರದ ಒಂದೊಂದು ಮೊಟ್ಟೆಯನ್ನೂ ಕೈಯಾರೆ ಒರೆಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬಲಿತಿದೆಯೇ ಎಂದು ಸದ್ದಿನಿಂದಲೇ ಪರೀಕ್ಷಿಸಿದ ನಿರ್ದೇಶಕ ಇನ್ನೊಬ್ಬನಿರಲಾರ. ಆ ಹೆಮ್ಮೆ ನನಗಿದೆ.

ರಂಗಣ್ಣ ಹೇಳಿದ್ದು ಸರಿ. ಮೂರನೆಯದು ಎಳೆಗಾಯಿಯೇ.