ನನ್ನ ಮೋಡ, ಲಲಿತಕ್ಕನ ಹಪ್ಪಳ

ತಾವು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಟೀಚರು, ನರ್ಸು, ಬಸ್ ಕಂಡಕ್ಟರು ಎಂದರೆ ಆಯಿತು, ಕೇಳಿದವರು ತಲೆಯಾಡಿಸಿ ಊಟ ಮುಂದುವರಿಸುತ್ತಾರೆ. ನಾನು ಮಾಡುವುದು ಆಕಾಶ. ಕಣ್ಣಿಗೆ ಡಬ್ಬದಂಥ ಕನ್ನಡಕ ಕಟ್ಟಿಕೊಂಡು ಜನ ಹೊಕ್ಕು ತಿರುಗಾಡುವ ವರ್ಚುವಲ್ ರಿಯಾಲಿಟಿ ಲೋಕಗಳು ಇವೆಯಲ್ಲ, ಅಲ್ಲಿ ತಲೆಯೆತ್ತಿದರೆ ಏನಾದರೂ ಕಾಣಬೇಕಲ್ಲ, ಆ ಏನಾದರೂ ನನ್ನದು. ಅದಕ್ಕೆ ಶೇಡರ್ ಎನ್ನುತ್ತಾರೆ. ಪರದೆಯ ಒಂದೊಂದು ಚುಕ್ಕೆಗೂ ಯಾವ ಬಣ್ಣ ಹಚ್ಚಬೇಕೆಂದು ಕಂಪ್ಯೂಟರಿಗೆ ಹೇಳಿಕೊಡುವ ಲೆಕ್ಕಾಚಾರ. ಕೊಂಡವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಲೆಂದು ಇಪ್ಪತ್ತಮೂರು ಸ್ಲೈಡರುಗಳನ್ನು ಇಟ್ಟಿದ್ದೇನೆ. ಒಂದನ್ನು ಎಳೆದರೆ ಮೋಡ ದಟ್ಟವಾಗುತ್ತದೆ, ಇನ್ನೊಂದನ್ನು ಎಳೆದರೆ ಗಾಳಿ ಬೀಸುತ್ತದೆ, ಮತ್ತೊಂದಕ್ಕೆ ಸೂರ್ಯ ಕೆಂಪಗಾಗುತ್ತಾನೆ. ಪೆರ್ಲ ಎಂಬ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ಅತ್ತೆಗೆ ವಿವರಿಸಲು ಮೂರು ದಿನ ಹೆಣಗಿದೆ. ಮೂರನೆಯ ದಿನ ಅವರು "ಗೊತ್ತಾಯ್ತು ಬಿಡು" ಎಂದು ಎದ್ದುಹೋದರು. ಆಮೇಲೆ ಬಂದವರಿಗೆಲ್ಲ, "ನಮ್ಮ ಸುಜಾತಂಗೆ ಮೋಡದ ಕೆಲಸ, ಮನೆಯಲ್ಲೇ ಕೂತು ಮಾಡುದು" ಎನ್ನತೊಡಗಿದರು. ಅಲ್ಲಿಗೆ ನನ್ನ ಕತೆ ಮುಗಿಯಿತು.

ಪಕ್ಕದ ಮನೆಯ ಲಲಿತಕ್ಕ ಒಂದು ದಿನ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದರು. ಆಗ ನನ್ನ ಪರದೆಯ ತುಂಬ ಕಾರ್ಮೋಡ. ಕಡಲ ಮೇಲಿನ ಬಿರುಗಾಳಿ ಬೇಕೆಂದು ಯಾರೋ ಕೇಳಿದ್ದರು. ಅದನ್ನು ಕಂಡದ್ದೇ ಲಲಿತಕ್ಕ ಹೆಪ್ಪಿನ ಲೋಟ ಅಲ್ಲೇ ಬಿಟ್ಟು ಓಡಿ, ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಒಳಗೆ ಎಳೆದುಕೊಂಡರು. ಅವರ ಅದೃಷ್ಟವೋ ನನ್ನ ಗ್ರಹಚಾರವೋ, ಕಾಲು ಗಂಟೆಯಲ್ಲಿ ಮಳೆ ಸುರಿಯಿತು. ಮರುದಿನದಿಂದ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಒಂದೇ ಪ್ರಶ್ನೆ: "ಸುಜಾತಾ, ಇವತ್ತು ಎಂತ, ಮಳೆ ಉಂಟಾ?" ಅದು ಸುಳ್ಳು ಆಕಾಶ, ನನಗೂ ಹೊರಗಿನ ಮಳೆಗೂ ಸಂಬಂಧವೇ ಇಲ್ಲ ಎಂದು ಕೈಮುಗಿದು ಹೇಳಿದೆ. ಅವರು ಸ್ವರ ತಗ್ಗಿಸಿದರು: "ಹೊರಗೆ ಹೇಳ್ಲಿಕ್ಕಿಲ್ಲ ಅಂತ ನಿಮ್ಮ ಆಫೀಸಿನವರು ಹೇಳಿರ್ತಾರೆ, ನಂಗೆ ಅರ್ಥ ಆಗ್ತದೆ ಮಾರಾಯ್ತಿ. ನಂಗೊಬ್ಬಳಿಗೆ ಗುಟ್ಟಲ್ಲಿ ಹೇಳು." ಇತ್ತ ಹಣ ಕೊಟ್ಟು ನನ್ನಿಂದ ಆಕಾಶ ಮಾಡಿಸಿಕೊಳ್ಳುತ್ತಿದ್ದ ವಿದೇಶದ ಮಹಾರಾಯರೊಬ್ಬರು, ಮೋಡ ಹಾಸಿಗೆಯ ಹತ್ತಿಯಂತೆ ಕಾಣುತ್ತದೆ ಎಂದು ನಾಲ್ಕನೆಯ ಸಲ ವಾಪಸು ಕಳಿಸಿದ್ದರು. ನನ್ನನ್ನು ನಂಬುವ ಜೀವ ಲೋಕದಲ್ಲಿ ಒಂದೇ, ಅದೂ ತಪ್ಪು ತಿಳಿದು.

ಮೇ ತಿಂಗಳ ಕೊನೆ. ದುಬೈಯಲ್ಲಿರುವ ಲಲಿತಕ್ಕನ ಮಗಳು ಬಸುರಿ. ಐದು ತಿಂಗಳಾದರೂ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅಮ್ಮನ ಕೈಯ ಹಲಸಿನ ಹಪ್ಪಳ ಒಂದಿದ್ದರೆ ಗಂಜಿ ಇಳಿದೀತು ಎಂದು ಫೋನಿನಲ್ಲಿ ಅತ್ತಿದ್ದಳು. ಶುಕ್ರವಾರ ಊರಿನ ಒಬ್ಬರು ಅಲ್ಲಿಗೆ ಹೊರಟಿದ್ದರು, ಕಟ್ಟು ಒಯ್ಯಲು ಒಪ್ಪಿದ್ದರು. ಸೋಮವಾರ ಬೆಳಿಗ್ಗೆ ಲಲಿತಕ್ಕ ಇನ್ನೂರು ಹಪ್ಪಳ ಒತ್ತಿ, ನಮ್ಮ ಕಿಟಕಿಗೆ ಬಂದು ಕೇಳಿದರು: "ಮಗಾ, ಟೆರೇಸಿನಲ್ಲಿ ಹಾಕಿ ಪೇಟೆಗೆ ಹೋಗಿ ಬರ್ಬಹುದಾ?" ನಾನು ಆಗ ಡಬ್ಬ ಕನ್ನಡಕದೊಳಗೆ ಎರಡು ಗಂಟೆಯಿಂದ ನೀಲಿ ಆಕಾಶದ ಕೆಳಗೆ ನಿಂತಿದ್ದೆ. ಅವರು ಕೇಳಿದ್ದು ಹೊರಗಿನ ಆಕಾಶದ ವಿಷಯವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಕ ತೆಗೆದು ಕಿಟಕಿಯತ್ತ ತಿರುಗಿದ್ದರೆ ಸಾಕಿತ್ತು. ಸೋಮಾರಿತನ ನೋಡಿ, ಇದ್ದಲ್ಲಿಂದಲೇ, "ಏನೂ ಹೆದರಿಕೆ ಇಲ್ಲ, ಲಲಿತಕ್ಕ. ಹೋಗಿ ಬನ್ನಿ" ಎಂದುಬಿಟ್ಟೆ.

ಮಳೆ ಬಂದದ್ದೂ ನನಗೆ ಕೇಳಿಸಲಿಲ್ಲ. ಕಿವಿಯೊಳಗೆ ಹಕ್ಕಿಗಳ ಚಿಲಿಪಿಲಿ ಹಾಕಿಕೊಂಡಿದ್ದೆ. ಅತ್ತೆ ಬಂದು ಭುಜ ಹಿಡಿದು ಅಲುಗಾಡಿಸಿದಾಗಲೇ ಕನ್ನಡಕ ತೆಗೆದದ್ದು. ಲಲಿತಕ್ಕನ ಟೆರೇಸಿಗೆ ಓಡಿ ನೋಡಿದರೆ ಚಾಪೆಯ ಮೇಲೆ ಇನ್ನೂರು ಹಪ್ಪಳವೂ ಕರಗಿ ಒಂದೇ ಹಿಟ್ಟಾಗಿತ್ತು. ನಾನು ಅದನ್ನು ಕೈಯಲ್ಲಿ ಬಾಚುತ್ತ ಅಳುತ್ತಿದ್ದರೆ ಅತ್ತೆ ಕೊಡೆ ಹಿಡಿದು ನಿಂತು, "ಮೋಡವನ್ನ ಸ್ವಲ್ಪ ಪುತ್ತೂರಿನ ಕಡೆಗೆ ದೂಡ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದರು. ಪೇಟೆಯಿಂದ ಬಂದ ಲಲಿತಕ್ಕ ಬೈಯಲಿಲ್ಲ. ಚಾಪೆಯನ್ನು ಒಮ್ಮೆ ನೋಡಿ, "ಹುಡುಗಿ ಕಾಯ್ತಾ ಇರ್ತಾಳೆ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ಸಂಜೆ ಅದೇ ಮಳೆಯನ್ನು, ಬಿಸಿಲಿದ್ದ ಹಾಗೇ ಮೂರು ನಿಮಿಷದಲ್ಲಿ ಕಪ್ಪಾಗಿ ಸುರಿಯಿತೆಂದು ಅತ್ತೆ ವರ್ಣಿಸಿದ್ದನ್ನು, ಇದ್ದದ್ದಿದ್ದಂತೆ ಶೇಡರಿನಲ್ಲಿ ಮಾಡಿ ಕಳಿಸಿದೆ. ಮಹಾರಾಯರ ಉತ್ತರ ತಕ್ಷಣ ಬಂತು: ಮಳೆ ಹೀಗೆಲ್ಲ ಬರುವುದಿಲ್ಲ, ದಯವಿಟ್ಟು ಸಹಜವಾಗಿ ಮಾಡಿ. ಲಲಿತಕ್ಕನ ಚಾಪೆಯನ್ನು ಆತನ ತಲೆಗೆ ಸುತ್ತಬೇಕೆನ್ನಿಸಿತು.

ಲಲಿತಕ್ಕನ ಮರದಲ್ಲಿ ಉಳಿದದ್ದು ಎರಡೇ ಹಲಸು. ಮಂಗಳವಾರ ನಾನೂ ಹೋಗಿ ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿದೆ, ಹಿಟ್ಟು ಗುದ್ದಿದೆ, ಹಪ್ಪಳ ಒತ್ತಿದೆ. ನನ್ನ ಹಪ್ಪಳ ಒಂದೂ ದುಂಡಗೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಎಂಟಕ್ಕೇ ಅಂಗಳದಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ ನಿಜವಾದ ಆಕಾಶವನ್ನು ನಾಲ್ಕು ದಿಕ್ಕಿಗೂ ಪರೀಕ್ಷಿಸಿದೆ. ಫೋನಿನಲ್ಲಿ ಮೂರು ಕಡೆ ಹವಾಮಾನ ನೋಡಿದೆ. ಮಧ್ಯಾಹ್ನದ ಮೇಲೆ ಮಳೆ ಗ್ಯಾರಂಟಿ. ಇನ್ನು ಲಲಿತಕ್ಕ ಕೇಳುವುದೊಂದೇ ಬಾಕಿ ಎಂದು ಕಾಂಪೌಂಡಿಗೆ ಒರಗಿ ಕಾದೆ. ಅವರು ಹಪ್ಪಳದ ಚಾಪೆ ಹಿಡಿದು ಹೊರಗೆ ಬರುವುದಕ್ಕೂ ಕಡಲತೀರದ ಶಿರಿಯದಿಂದ ಬರುವ ಮೀನಿನವನ ಸ್ಕೂಟರ್ ಹಾರ್ನ್ ಹೊಡೆಯುವುದಕ್ಕೂ ಸರಿಯಾಯಿತು. "ಬೂತಾಯಿ ಮೀನು ಆಮೇಲೆ. ಇವತ್ತು ಮಳೆ ಬರ್ತದಾ ಹೇಳಿ" ಎಂದರು ಲಲಿತಕ್ಕ. ಆತ ತಕ್ಕಡಿಯಿಂದ ಕಣ್ಣು ಕೂಡ ಎತ್ತದೆ, "ಇಲ್ಲ ಅಕ್ಕ, ಧೈರ್ಯದಲ್ಲಿ ಹಾಕಿ" ಎಂದ. "ಲಲಿತಕ್ಕ, ನಂಗೆ ಕಾಣುದು..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗಿಯಾಗಿತ್ತು.

ಯಾರೂ ನನ್ನಲ್ಲಿ ಮಳೆಯ ವಿಷಯ ಕೇಳದಿರಲಿ ಎಂದು ವರ್ಷಗಟ್ಟಲೆ ದೇವರಿಗೆ ಮೊರೆಯಿಟ್ಟವಳಿಗೆ ಯಾಕೆ ಅಷ್ಟು ಉರಿಯಿತೋ ಗೊತ್ತಿಲ್ಲ. ಮಧ್ಯಾಹ್ನ ಪಶ್ಚಿಮದಲ್ಲಿ ಒಂದು ಮೋಡ ಕಂಡಿತು. ಆ ಬಸುರಿ ಹುಡುಗಿಯ ಗಂಜಿ, ಶುಕ್ರವಾರದ ವಿಮಾನ, ಮುಗಿದುಹೋದ ಹಲಸು, ಎಲ್ಲ ನೆನಪಿದ್ದೂ ನಾನು ಕಿಟಕಿಯಲ್ಲಿ ನಿಂತು, ಬಾ, ಒಂದೇ ಒಂದು ಸಲ ನನ್ನ ಮಾನ ಉಳಿಸು ಎಂದು ಅದನ್ನು ಕರೆದೆ. ಇಷ್ಟು ಕೀಳು ಹೆಂಗಸು ನಾನೆಂದು ನನಗೇ ತಿಳಿದಿರಲಿಲ್ಲ. ಮೋಡ ಹಾಗೇ ಮುಂದೆ ಹೋಯಿತು, ಒಂದು ಹನಿ ಬೀಳಲಿಲ್ಲ. ಸಂಜೆ ಲಲಿತಕ್ಕ ಗರಿಗರಿಯಾದ ಹತ್ತು ಹಪ್ಪಳ ತಂದು, "ನೀನೂ ಒತ್ತಿದ್ದಲ್ವಾ, ತಗೋ ಮಗಾ" ಎಂದು ಕೈಗಿಟ್ಟರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಹಪ್ಪಳ ಮಾತ್ರ ಆವತ್ತೇ ಕರಿದು ಹತ್ತನ್ನೂ ಒಬ್ಬಳೇ ತಿಂದೆ.